ಹತ್ತನೆಯ ತಲೆ

ಅಪ್ಪ ಜೋಯಲ್ ತೀರಿಕೊಂಡ ಮೇಲೆ, ನಾಲ್ಕು ವರ್ಷದಿಂದ ಅತ್ತ ಸುಳಿಯದಿದ್ದ ಲಿಯೋರ್ ಮತ್ತೆ ಸಿನಗಾಗ್, ಅಂದರೆ ಯಹೂದಿ ಮಂದಿರದ, ಮೆಟ್ಟಿಲು ಹತ್ತಿದರು. ಯಹೂದಿಗಳಲ್ಲಿ ತಂದೆ ಸತ್ತರೆ ಹನ್ನೊಂದು ತಿಂಗಳು ದಿನಾ ಕಡ್ಡಿಷ್ ಎಂಬ ಪ್ರಾರ್ಥನೆ ಹೇಳಬೇಕು. ಒಬ್ಬರೇ ಹೇಳುವಂತಿಲ್ಲ, ಹತ್ತು ಜನ ಕೂಡಿರಬೇಕು. ಮೆಟುಚೆನ್ ಊರಿನಿಂದ ಆಚೆಗಿದ್ದ ಆ ಹಳೇ ಮಂದಿರದಲ್ಲಿ ಹತ್ತು ಜನ ಅಂದರೆ ಹತ್ತು ಗಂಡಸರು. ಬೆಳಿಗ್ಗೆ ಆರೂವರೆಗೆ ತಪ್ಪದೆ ಬರುತ್ತಿದ್ದವರು ಒಂಬತ್ತು.

ಲಿಯೋರ್ ಹುಟ್ಟಿದ್ದು ಗಂಡು ಮಗುವೆಂದೇ. ಇಪ್ಪತ್ತೈದರಲ್ಲಿ, ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ಮನೆಯಲ್ಲಿ ಹೇಳಿದಾಗ ಅಪ್ಪ ಸಿಟ್ಟಾಗಲಿಲ್ಲ. ಇಂಥವರ ಬಗ್ಗೆ ಹಿಂದಿನ ಪಂಡಿತರು ಪುಟಗಟ್ಟಲೆ ವಾದಿಸಿದ್ದಾರೆ, ಬೇರೆ ಹೆಸರುಗಳನ್ನೇ ಇಟ್ಟಿದ್ದಾರೆ ಎಂದು ಗ್ರಂಥ ತೆಗೆದು ತೋರಿಸಿದ್ದೂ ಅವರೇ. ಆದರೆ ಒಂದು ಗುರುವಾರ ಮಂದಿರದಲ್ಲಿ, ಧರ್ಮಗ್ರಂಥದ ಪಠಣಕ್ಕೆ ವೇದಿಕೆಗೆ ಕರೆಯುವಾಗ ‘ಜೋಯಲನ ಮಗ’ ಎನ್ನಬೇಡಿ, ‘ಜೋಯಲನ ಮನೆತನದ ಲಿಯೋರ್’ ಎನ್ನಿ ಎಂದು ಲಿಯೋರ್ ಕೇಳಿಕೊಂಡರು. ಮಂದಿರದ ಉಸ್ತುವಾರಿ ನೋಡುವ ಮುದುಕ ಸೀಮೋರ್, “ಅದೆಲ್ಲ ಇಲ್ಲಿ ಬೇಡ” ಎಂದರು. ಅಪ್ಪ ಪಕ್ಕದಲ್ಲೇ ಕೂತಿದ್ದರು. ಪುಸ್ತಕದಿಂದ ಕಣ್ಣೆತ್ತಲಿಲ್ಲ. ಅವತ್ತಿಗೆ ಲಿಯೋರ್ ಅಲ್ಲಿಗೆ ಹೋಗುವುದನ್ನು ಬಿಟ್ಟರು. ಸಾಯುವವರೆಗೂ ಅಪ್ಪ ಆ ಮಾತು ಎತ್ತಲಿಲ್ಲ.

ಅಮ್ಮ ಮಾಲಾ ಧಾರವಾಡದವರು, ಮದುವೆಗೆ ಮೊದಲೇ ಯಹೂದಿಯಾದವರು. “ಯಾಕ ಹೋಗ್ತಿ ಕೂಸ? ಅವ್ರಿಗೆ ನೀ ಬೇಕಾಗಿಲ್ಲ, ನಿನ್ನ ತಲಿ ಬೇಕಾಗೇದ” ಎಂದರು. ‘ಕೂಸ’ ಎಂದಾಗ ಗಂಡು ಹೆಣ್ಣಿನ ಗೊಡವೆ ಇರಲಿಲ್ಲ, ಲಿಯೋರ್‌ಗೆ ಅಷ್ಟೇ ಹಿತ. ಧಾರವಾಡದಿಂದ ತಮ್ಮ ಅಕ್ಕನ ಫೋನ್ ಬಂದರೆ ಮಾತ್ರ ಅದೇ ಅಮ್ಮ, “ಮಗ ದಿನಾ ಅವರಪ್ಪನ ಸಲುವಾಗಿ ಪ್ರಾರ್ಥನಾ ಮಾಡ್ಲಿಕತ್ತಾನ” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಲಿಯೋರ್ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು.

ಎಂಟಕ್ಕೆ ಎಡಿಸನ್ನಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಡ್ಯೂಟಿ. ಅದಕ್ಕೆ ಮುಂಚೆ ಕಾರಿನ ಗಾಜಿನ ಮೇಲಿನ ಹಿಮ ಕೆರೆದು, ಮಂದಿರದವರೆಗೆ ಡ್ರೈವ್ ಮಾಡಿ, ಪಾರ್ಕಿಂಗ್‌ನಲ್ಲಿ ಕಿವಿಯೋಲೆ ಬಿಚ್ಚಿಟ್ಟು ಒಳಗೆ ಹೋಗುವುದು. ಬಾಗಿಲಲ್ಲಿ ಕಂಡ ಕೂಡಲೇ ಸೀಮೋರ್, “ಹತ್ತಾಯಿತು” ಎನ್ನುತ್ತಿದ್ದರು. ಹೇಗಿದ್ದೀ ಎಂದು ಒಮ್ಮೆಯೂ ಕೇಳಲಿಲ್ಲ. ವಸಂತದಲ್ಲೊಮ್ಮೆ ಇನ್ನೊಬ್ಬ ಮುದುಕ ಬೆನ್ನು ತಟ್ಟಿ, “ದುಃಖ ನಿನ್ನನ್ನು ದಾರಿಗೆ ತಂತು ನೋಡು” ಎಂದ. ಅಪ್ಪನಿಗಾಗಿ ಲಿಯೋರ್ ಅದನ್ನು ನುಂಗಿಕೊಂಡರು. ತನಗಾಗಿ ಒಂದು ಮಾತೂ ಆಡದ ಅಪ್ಪನಿಗಾಗಿ, ಎಂದು ಕಾರಿನಲ್ಲಿ ಹಲ್ಲು ಕಚ್ಚಿದ್ದೂ ಉಂಟು.

ಹನ್ನೊಂದು ತಿಂಗಳ ಕೊನೆಯ ದಿನ ಕಡ್ಡಿಷ್ ಮುಗಿದ ಮೇಲೆ ಸೀಮೋರ್ ಬಾಗಿಲವರೆಗೂ ಬಂದರು.

“ನಾಳೆಯೂ ಬಾ. ನೀನಿಲ್ಲದೆ ಹತ್ತಾಗಲ್ಲ.”

“ಬರ್ತೀನಿ. ನಾಳೆ ನನ್ನನ್ನ ಏನಂತ ಕರೀತೀರಿ?”

ಮುದುಕ ಕನ್ನಡಕ ಸರಿಮಾಡಿಕೊಂಡರು. “ಜೋಯಲನ ಮಗ. ಇನ್ನೇನು?”

ಲಿಯೋರ್ ಪ್ರಾರ್ಥನೆಯ ಪುಸ್ತಕವನ್ನು ಅವರ ಕೈಗಿಟ್ಟು ಹೊರಬಿದ್ದರು.

ಚಳಿಗಾಲದ ಹೊತ್ತಿಗೆ, ಹತ್ತು ಜನ ಕೂಡದೆ, ಅಲ್ಲಿ ಬೆಳಗಿನ ಪ್ರಾರ್ಥನೆ ನಿಂತುಹೋಯಿತೆಂದು ಕೇಳಿ ಲಿಯೋರ್‌ಗೆ ಸಂತೋಷವೂ ಆಗಲಿಲ್ಲ, ವ್ಯಥೆಯೂ ಆಗಲಿಲ್ಲ. ಈಗ ತಿಂಗಳಿಗೊಮ್ಮೆ ಟ್ರೇನ್ ಹಿಡಿದು ಮ್ಯಾನ್‌ಹಟನ್‌ನ ಬೇರೊಂದು ಮಂದಿರಕ್ಕೆ ಹೋಗುತ್ತಾರೆ. ಅಲ್ಲಿ ಕೇಳಿಕೊಂಡ ಹಾಗೆಯೇ, ‘ಜೋಯಲನ ಮನೆತನದ ಲಿಯೋರ್’ ಎಂದು ಕರೆಯುತ್ತಾರೆ. ಆದರೆ ಜೋಯಲ್ ಯಾರೆಂದು ಅಲ್ಲಿ ಒಬ್ಬರಿಗೂ ಗೊತ್ತಿಲ್ಲ.