ಹೊರಟ ಜಾಗದ ಎತ್ತರ

ಹೆಂಚು ಹೊದಿಸುವವರ ನಡುವೆ ಅವನಿಗೆ ಉಡ ಎಂದೇ ಹೆಸರು. ಚಾವಣಿ ಎಷ್ಟೇ ಕಡಿದಾಗಿರಲಿ, ಒಮ್ಮೆ ಅಂಟಿಕೊಂಡನೆಂದರೆ ಕೆಲಸ ಮುಗಿಯುವ ತನಕ ಅಲ್ಲಾಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹಾಗೆ ಅಂಟಿಕೊಂಡಿದ್ದವನು ಒಂದು ಮಧ್ಯಾಹ್ನ ಜಾರಿ ಬಿದ್ದ. ಸೊಂಟದ ಮೂಳೆಗೆ ಸರಳು ಹಾಕಿದರು. ಅವನು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಹೆಂಡತಿ ಏಣಿಯನ್ನು ಯಾರಿಗೋ ಕೊಟ್ಟು ಕೈತೊಳೆದುಕೊಂಡಿದ್ದಳು.

"ಇನ್ನೊಂದ್ ಸಲ ಸೂರು ಹತ್ತಿದ್ರೆ ನಿಮ್ಮ ಕೆಲಸಕ್ಕೆ ಅಲ್ಲಿಗೇ ಮಂಗಳ. ನನ್ನ ಅಂಗಡೀಲಿ ಕೂತು ಗುಂಡಿ ಹೊಲೀರಿ," ಎಂದಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ದರ್ಜಿ ಅಂಗಡಿ.

ಉಡ ಒಂದು ವರ್ಷ ನಿಜವಾಗಿಯೂ ಗುಂಡಿ ಹೊಲಿದ. ಆಮೇಲೆ ಬಿಡಿಭಾಗಗಳನ್ನು ತರಿಸಿ, ಜೋಡಿಸಿ, ಕ್ಯಾಮೆರಾ ಇರುವ ಒಂದು ಡ್ರೋನ್ ಮಾಡಿಕೊಂಡ. ಹಳೆಯ ಕಟ್ಟಡಗಳ ಚಾವಣಿಯ ಚಿತ್ರ ತೆಗೆದು, ಯಾವ ಹೆಂಚು ಬದಲಿಸಬೇಕೆಂದು ನಗರಸಭೆಗೆ ವರದಿ ಬರೆದುಕೊಡುವುದು ಕೆಲಸ. ಎಂಟು ತಿಂಗಳಲ್ಲಿ ಕೈ ಕುದುರಿತು. ಅಷ್ಟರಲ್ಲಿ ಹೊಸ ನಿಯಮ ಬಂತು. ಹಾರುವ ಪ್ರತಿಯೊಂದು ಡ್ರೋನೂ ತಾನು ಯಾರು, ಎಲ್ಲಿದ್ದೇನೆ, ಎಲ್ಲಿಂದ ಹೊರಟೆ ಎಂಬುದನ್ನು ರೇಡಿಯೊ ಮೂಲಕ ಸಾರುತ್ತಿರಬೇಕು. ಅದಕ್ಕೆಂದೇ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಮಾಡ್ಯೂಲ್ ಸಿಗುತ್ತಿತ್ತು. ಅದಿಲ್ಲದಿದ್ದರೆ ನಗರಸಭೆಯ ಕೆಲಸವಿಲ್ಲ.

ಉಡ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು, ಎರಡೂ ಬದಿ ಅಂಟುವ ಟೇಪಿನಿಂದ ಬ್ಯಾಟರಿಯ ಕೆಳಗೆ ಅಂಟಿಸಿದ. ಅರ್ಧ ಗಂಟೆ ಕಳೆದರೂ ಅದರ ದೀಪ ಹಸಿರಾಗಲಿಲ್ಲ.

"ಕಣ್ಣು ಬೇನೆ ಬಂದೋರ ಹಾಗೆ ಕೆಂಪಗೇ ಇದೆಯಲ್ರೀ," ಎಂದಳು ಹೆಂಡತಿ.

"ಮೇಲಿರೋ ಬ್ಯಾಟರಿ ಅಡ್ಡ ಬರ್ತಿದೆ ಕಣೇ. ಉಪಗ್ರಹದ ಸಂಕೇತ ಸಿಗೋಕೆ ಇದಕ್ಕೆ ಆಕಾಶ ಕಾಣಬೇಕು." ಟೇಪು ಕಿತ್ತು, ಮಾಡ್ಯೂಲನ್ನು ಡ್ರೋನಿನ ಬೆನ್ನ ಮೇಲೆ ಕೂರಿಸಿ, ಮೇಜನ್ನು ಕಿಟಕಿಗೆ ಸರಿಸಿದ. ದೀಪ ಹಸಿರಾಯಿತು.

ಫಾರಂ ತುಂಬುವುದು ಯಾವತ್ತೂ ಅವಳ ಪಾಲಿನದು. ಅವನು ಡ್ರೋನಿನ ನಂಬರು ಹೇಳಹೊರಟಾಗ, "ನಿಮ್ಮ ಡ್ರೋನಿಂದು ಯಾರಿಗ್ರೀ ಬೇಕು? ಮಾಡ್ಯೂಲಿನ ನಂಬರ್ ಕೇಳ್ತಿದ್ದಾರೆ," ಎಂದು ತಿದ್ದಿದಳು. ಸರಿಯಾಗಿದೆಯೋ ಇಲ್ಲವೋ ನೋಡಲು ಹತ್ತಿರದ ಡ್ರೋನುಗಳು ಸಾರುವುದನ್ನು ತೋರಿಸುವ ಒಂದು ಆ್ಯಪನ್ನು ತನ್ನ ಫೋನಿಗೆ ಹಾಕಿಕೊಂಡಳು. ತೆರೆದ ಕೂಡಲೇ ಅದೇ ನಂಬರು ಮೂಡಿತು. ಕೆಳಗೆ, ಹೊರಟ ಜಾಗದ ಎತ್ತರ ೬೧೨ ಮೀಟರ್ ಎಂದಿತ್ತು.

"ನಮ್ಮನೆ ಅಷ್ಟೊಂದು ಎತ್ತರಾನಾ?"

"ಸಮುದ್ರದಿಂದ ಲೆಕ್ಕ ಅದು. ಇಡೀ ಊರು ಹಲಗೆ ಥರ ಚಪ್ಪಟೆ, ಎಲ್ಲಿ ನೋಡಿದ್ರೂ ಹೆಚ್ಚುಕಮ್ಮಿ ಅಷ್ಟೇ."

ಈ ಮಾತನ್ನು ಅವನು ತಾನೇ ಆಡಿದ್ದು. ಆಡಿ ಮರೆತ.

ಮೂರು ದಿನದ ಮೇಲೆ ಎರಡು ಬೀದಿ ಆಚೆಯ ಗ್ರಂಥಾಲಯದ ಸರದಿ. ಹಿಂಭಾಗದಲ್ಲಿ ಸಮತಟ್ಟಾದ ತಾರಸಿ, ಮುಂಭಾಗಕ್ಕೆ ಹೆಂಚಿನ ಇಳಿಜಾರು. ಅವನು ಕಾವಲುಗಾರನಿಂದ ಬೀಗದ ಕೈ ಇಸಿದುಕೊಂಡು, ಮೆಟ್ಟಿಲು ಹತ್ತಿ ತಾರಸಿಗೆ ಹೋದ. ಅಲ್ಲಿಂದ ತೆವಳಿ ಹೆಂಚಿನ ಚಾವಣಿಯ ನೆತ್ತಿಯ ಮೇಲೆ ಕುಳಿತು, ಅಂಗೈಯಿಂದ ಡ್ರೋನನ್ನು ಹಾರಿಸಿದ. ಎಂಟು ತಿಂಗಳಿಂದಲೂ ಹೀಗೇ ನಡೆದಿತ್ತು. ಏಣಿಯನ್ನಂತೂ ಮುಟ್ಟಿಲ್ಲವಲ್ಲ ಎಂದು ಮನಸ್ಸಿಗೆ ಹೇಳಿಕೊಂಡಿದ್ದ.

ಹೆಂಡತಿ ಅದೇ ಹೊತ್ತಿಗೆ ಹೊಲಿದ ಪ್ಯಾಂಟುಗಳನ್ನು ಗಿರಾಕಿಯ ಮನೆಗೆ ಕೊಟ್ಟು ಆ ಬೀದಿಯಲ್ಲೇ ಬರುತ್ತಿದ್ದಳು. ತಾನು ನೋಂದಾಯಿಸಿದ ಯಂತ್ರ ಮಾತಾಡುತ್ತಿದೆಯೋ ನೋಡೋಣವೆಂದು ಫೋನ್ ತೆರೆದಳು. ನಂಬರು ಇತ್ತು. ಹೊರಟ ಜಾಗದ ಎತ್ತರ ೬೨೪.

ಅಳತೆ ಅವಳ ಕಸುಬು. ಹನ್ನೆರಡು ಮೀಟರ್ ಹೆಚ್ಚು. ಹೊಲಿಗೆಗೆ ಬಟ್ಟೆ ಬಿಡುವ ಹಾಗೆ ಯಂತ್ರದ ತಪ್ಪಿಗೆಂದು ಮೂರು ಮೀಟರ್ ಬಿಟ್ಟಳು. ಆದರೂ ಒಂಬತ್ತು ಉಳಿಯಿತು. ಗೇಟಿನ ಮುಂದೆ ನಿಂತು ಫೋನ್ ಮಾಡಿದಳು.

"ಎಲ್ಲಿದ್ದೀರಿ?"

"ಇಲ್ಲೇ, ಲೈಬ್ರರಿ ಗೇಟ್ ಹತ್ರ."

"ಹೌದಾ? ನಾನೂ ಗೇಟ್ ಹತ್ರಾನೇ ಇದ್ದೀನಿ. ಕಾಣ್ತಾನೇ ಇಲ್ಲ ನೀವು."

ಸ್ವಲ್ಪ ಹೊತ್ತಿಗೆ ಡ್ರೋನ್ ಇಳಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಉಡ, ಮೊಣಕಾಲಿನ ತುಂಬ ಪಾಚಿ ಮೆತ್ತಿಕೊಂಡು, ಮೆಟ್ಟಿಲಿಳಿದು ಬಂದ. ಕಾವಲುಗಾರ ಇಬ್ಬರ ಮುಖವನ್ನೂ ನೋಡಿ, ಕರೆಯದಿದ್ದರೂ ಯಾರೋ ಕರೆದರೆನ್ನುವಂತೆ ಒಳಗೆ ಹೋದ.

ಹೆಂಡತಿ ಕೈ ಚಾಚಿದಳು. ಅವನು ಬ್ಯಾಟರಿಗಳ ಚೀಲ ಕೊಟ್ಟ.

"ಇದೇ ಮೊದಲ್ನೇ ಸಲ ಅಂತ ಹೇಳ್ಬೇಡಿ."

"ಹೇಳ್ತಿಲ್ಲ."

"ಆಸ್ಪತ್ರೆ ಬೆಂಚಿನ ಮೇಲೆ ಹನ್ನೊಂದು ದಿನ ಕೂತೋಳು ನಾನು. ನೀವಲ್ಲ."

ಅವನು ತಲೆ ತಗ್ಗಿಸಿದ. "ಚಿತ್ರದಲ್ಲಿ ಹೆಂಚು ಚೆನ್ನಾಗೇ ಕಾಣತ್ತೆ ಕಣೇ. ತಟ್ಟಿ ನೋಡಿದ್ರೆ ಬೇರೆ. ಒಳಗೇ ಬಿರುಕು ಬಿಟ್ಟಿರೋದು ಮಂಕಾಗಿ ಸದ್ದು ಮಾಡತ್ತೆ. ಅದನ್ನ ತಿಳೀದೆ ಸರಿಯಿದೆ ಅಂತ ಹೇಗ್ ಬರೀಲಿ? ಕೆಳಗೆ ಜನ ಓಡಾಡ್ತಾರೆ."

"ಸರಿಯಿದೆ ಅಂತ ಬರೀರಿ ಅಂದೋರ್ಯಾರು? ಕಂಡಿದ್ದನ್ನ ಕಂಡೆ ಅನ್ನಿ. ಉಳಿದಿದ್ದನ್ನ ತಟ್ಟಿ ನೋಡಬೇಕು, ನಾನು ಹತ್ತೋ ಹಾಗಿಲ್ಲ ಅನ್ನಿ."

"ಹಾಗ್ ಬರೆದ್ರೆ ಕೆಲಸ ಕೊಡ್ತಾರಾ?"

"ಕೊಡದಿದ್ರೆ ಗುಂಡಿ ಇದೆ."

ಅವಳು ಚೀಲದಿಂದ ಒಂದೇ ಒಂದು ಬ್ಯಾಟರಿ ತೆಗೆದು ಕೊಟ್ಟಳು. ಅವನು ಗೇಟಿನ ಪಕ್ಕದ ಕಲ್ಲುಹಾಸಿನ ಮೇಲೆ ಡ್ರೋನಿಟ್ಟು, ಮರದ ಕೊಂಬೆಗಳ ಸಂದಿನಿಂದ ಹಾರಿಸಿದ. ಫೋನಿನಲ್ಲಿ ೬೧೩ ಎಂದು ಬಂತು. ಒಂದು ಮೀಟರಿಗೆ ಅವಳು ತಕರಾರು ತೆಗೆಯಲಿಲ್ಲ.

ಆ ಸಂಜೆಯ ವರದಿ ಅವನು ಬರೆದವುಗಳಲ್ಲೆಲ್ಲ ಚಿಕ್ಕದು. ಒಡೆದ ಹೆಂಚು ಹದಿನಾಲ್ಕು. ಅನುಮಾನದವು ಏಳು, ಹತ್ತಬಲ್ಲವರು ತಟ್ಟಿ ನೋಡತಕ್ಕದ್ದು. ಬರೆದವನು ಹತ್ತುವಂತಿಲ್ಲ.

ನಗರಸಭೆಯ ಎಂಜಿನಿಯರಮ್ಮ ಎರಡು ದಿನ ಉತ್ತರ ಕೊಡಲಿಲ್ಲ. ಉಡ ಆ ಎರಡು ದಿನವೂ ಯಾರೂ ಹೇಳದೆಯೇ ಗುಂಡಿಯ ಡಬ್ಬಿ ಎತ್ತಿಕೊಂಡು ಅಂಗಡಿಯ ಮೂಲೆಯಲ್ಲಿ ಕುಳಿತ. ಮೂರನೆಯ ದಿನ ಫೋನ್ ಬಂತು. ತಟ್ಟಿ ನೋಡುವವನೊಬ್ಬನನ್ನು ಕಳಿಸುತ್ತೇವೆ, ಯಾವ ಹೆಂಚು ಎಂದು ತೋರಿಸಲು ನೀವೂ ಇರಬೇಕು ಎಂದರು.

ಬಂದವನು ಅವನ ಜೊತೆಯಲ್ಲೇ ದುಡಿದಿದ್ದ ಹಳೆಯ ಸಂಗಾತಿ; ಅವನಿಗೆ ಮೊಳೆ ಎಂದು ಅಡ್ಡಹೆಸರು. ಸೂರಿನ ಮೇಲೆ ಕಾಲು ಚಾಚಿ ಕುಳಿತು, "ಏನಪ್ಪಾ ಉಡ, ನೆಲಕ್ಕೆ ಅಂಟ್ಕೊಂಬಿಟ್ಯಾ?" ಎಂದು ಕೂಗಿದ.

"ಬಾಯ್ಮುಚ್ಕೊಂಡು ಎಡಕ್ಕೆ ಎರಡು ಸಾಲು ಸರಿ. ಹಾಂ, ಅದೇ. ತಟ್ಟು."

ಮೊಳೆ ತಟ್ಟಿದ. ಉಡ ಕಲ್ಲುಹಾಸಿನ ಮೇಲೆ ನಿಂತು, ಕತ್ತು ಓರೆ ಮಾಡಿ ಕಿವಿಗೊಟ್ಟ. ಬೀದಿಯಲ್ಲಿ ಲಾರಿಯೊಂದು ಹಾದುಹೋಗುವವರೆಗೆ ಕಾದು, ಇನ್ನೊಮ್ಮೆ ತಟ್ಟಲು ಹೇಳಿದ.

"ತೆಗಿ ಅದನ್ನ," ಎಂದ.