ರಜೆ ಕೇಳಿದ ಟೀಚರ್

ಹೋದ ವಾರ ಮನೆಯಲ್ಲಿ ಪೂಜೆ ಇತ್ತು. ಮೂಡಿಗೆರೆ ಪೇಟೆಯಿಂದ ತಂದ ಸಾಮಾನಿನಲ್ಲಿ ಅಂಗಡಿಯವರು ಕರ್ಪೂರವನ್ನೂ ಏಲಕ್ಕಿಯನ್ನೂ ಒಂದೇ ಪೊಟ್ಟಣಕ್ಕೆ ಹಾಕಿಬಿಟ್ಟಿದ್ದರು. ಬಿಚ್ಚಿದ ಕೂಡಲೇ ಎರಡು ವಾಸನೆಯೂ ಬೆರೆತು ಮೂಗಿಗೆ ಬಡಿಯಿತು. ಪೊಟ್ಟಣವನ್ನು ಅಲ್ಲೇ ಬಿಟ್ಟು ಜಗಲಿಗೆ ಹೋಗಿ ಕುಳಿತೆ. ಪೂಜೆ ಶುರುವಾಗಿ ಎಲ್ಲರೂ ಕರೆಯುವವರೆಗೂ ಏಳಲಾಗಲಿಲ್ಲ...

ಹಂದಿಜ್ವರದ ವರ್ಷ ನಮ್ಮ ಶಾಲೆಯ ಮಕ್ಕಳ ಕೊರಳಲ್ಲೆಲ್ಲ ಇದೇ ವಾಸನೆಯ ಪುಟ್ಟ ಗಂಟು ತೂಗುತ್ತಿತ್ತು. ಕರ್ಪೂರ, ಏಲಕ್ಕಿ ಕುಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಮೂಸುತ್ತಿದ್ದರೆ ಜ್ವರ ಹತ್ತಿರ ಸುಳಿಯುವುದಿಲ್ಲ ಎಂದು ಯಾರೋ ಹಬ್ಬಿಸಿದ್ದರು. ಆ ಗಂಟುಗಳನ್ನು ಮಾಡಿಸಿ ಹಂಚಿದವಳು ನಾನೇ. ಆಗ ನಾನು ಬಣಕಲ್ ಕಡೆಯ ಎಸ್ಟೇಟುಗಳ ನಡುವಿದ್ದ ಒಂದು ಅನುದಾನಿತ ಶಾಲೆಯ ಇನ್‌ಚಾರ್ಜ್ ಹೆಡ್‌ಮಿಸ್ಟ್ರೆಸ್. ಹುದ್ದೆ ಕಾಯಂ ಆಗಿರಲಿಲ್ಲ. ಆಗಬೇಕೆಂಬ ಆಸೆ ಬಹಳ ಇತ್ತು.

ನಮ್ಮ ಸೈನ್ಸ್ ಟೀಚರ್ ಶಾಲೆಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನನಗಿಂತ ಹದಿನೈದು ವರ್ಷ ಚಿಕ್ಕವಳು. ಉದ್ದಕ್ಕೆ ತೆಳ್ಳಗಿದ್ದಳು, ಮೆಲ್ಲಗೆ ಮಾತಾಡುತ್ತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ಬಂದು, ನಾವೆಲ್ಲ ತಲುಪುವ ಮುಂಚೆ ಕ್ಲಾಸಿನ ಬಾಗಿಲು ತೆಗೆದಿರುತ್ತಿದ್ದಳು. ಶಾಲೆಗಿದ್ದ ಒಂದೇ ಒಂದು ಮೈಕ್ರೋಸ್ಕೋಪನ್ನು ಮಕ್ಕಳು ಹಾಳುಮಾಡುತ್ತಾರೆಂದು ನಾವು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆವು. ಅವಳು ಬಂದ ತಿಂಗಳಲ್ಲೇ ಅದನ್ನು ಹೊರಗೆ ತೆಗೆದಳು. ಕಾಫಿ ಎಲೆಯ ಅಡಿಭಾಗದ ತೆಳು ಸಿಪ್ಪೆ ಸುಲಿದು ಗಾಜಿನ ಮೇಲಿಟ್ಟು ಅದರಲ್ಲಿನ ಪುಟ್ಟ ರಂಧ್ರಗಳನ್ನು ಎಲ್ಲರಿಗೂ ತೋರಿಸಿದಳು. ಎಸ್ಟೇಟಿನ ಕೂಲಿಯವರ ಲೈನಿನ ಒಂದು ಮಗು ಬಗ್ಗಿ ನೋಡಿ, "ಎಲೆಗೂ ಬಾಯಿ ಉಂಟಲ್ಲ ಟೀಚರ್" ಎಂದಿತ್ತು. ಆ ಮಾತನ್ನು ಅವಳು ಸ್ಟಾಫ್ ರೂಮಿನಲ್ಲಿ ವಾರಗಟ್ಟಲೆ ಹೇಳಿಕೊಂಡು ನಗುತ್ತಿದ್ದಳು.

ಅವಳ ಗಂಡ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಸಾಧು ಮನುಷ್ಯ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿರಲಿಲ್ಲ. ಎರಡು ಸಲ ಬಸುರು ನಿಂತು ಇಳಿದುಹೋಗಿತ್ತು. ಮನೆಯಲ್ಲಿ ಅತ್ತೆ ಏನೇನು ಅನ್ನುತ್ತಿದ್ದರೋ, ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಹಂದಿಜ್ವರದ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದ ಸ್ವಲ್ಪ ದಿನಕ್ಕೆ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ, ನನ್ನ ಕೈ ಹಿಡಿದುಕೊಂಡಳು.

"ಮೇಡಂ, ಈ ಸಲ ಐದನೇ ತಿಂಗಳು ನಡೀತಾ ಉಂಟು. ಡಾಕ್ಟ್ರು ಎಲ್ಲ ಸರಿ ಉಂಟು ಅಂದ್ರು."

ಹೇಳುತ್ತಲೇ ಅತ್ತುಬಿಟ್ಟಳು. ನಾನೂ ಅತ್ತುಬಿಟ್ಟೆ. ಆ ಅಳು ಸುಳ್ಳಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಮುಂದಿನದನ್ನು ಓದಿದವರಿಗೆ ನನಗೆ ಅವಳ ಮೇಲೆ ದ್ವೇಷವಿತ್ತೇನೋ ಅನ್ನಿಸಬಹುದು. ಇರಲಿಲ್ಲ. ಅವಳೆಂದರೆ ನನಗೆ ಇಷ್ಟವಿತ್ತು.

ಜುಲೈ ಮಳೆಗೆ ಏಳನೇ ಕ್ಲಾಸಿನ ಮಾಡಿನ ಹೆಂಚು ಜರುಗಿ ಇಡೀ ಕೋಣೆ ಸೋರತೊಡಗಿತು. ಆರನೆಯದನ್ನೂ ಏಳನೆಯದನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆ. ಬೆಂಚಿನ ಮೇಲೆ ಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡು ಕೂರುತ್ತಿದ್ದರು. ಪಡುವಣ ದಿಕ್ಕಿನ ಕಿಟಕಿಗಳಿಂದ ಎರಚಲು ಹೊಡೆಯುತ್ತದೆಂದು ಎಲ್ಲವನ್ನೂ ಮುಚ್ಚಿಸಿದ್ದೆ. ಒದ್ದೆ ಬಟ್ಟೆಯ ವಾಸನೆ, ಕೆಮ್ಮು, ಸೀನು... ಮಳೆಗಾಲದಲ್ಲಿ ಅದೆಲ್ಲ ಇದ್ದದ್ದೇ ಎಂದುಕೊಂಡಿದ್ದೆವು. ಪುಣೆಯಲ್ಲಿ ಹಂದಿಜ್ವರ, ಬೆಂಗಳೂರಿನಲ್ಲಿ ಹಂದಿಜ್ವರ ಎಂದು ಟಿವಿಯಲ್ಲಿ ದಿನವೂ ಬರುತ್ತಿತ್ತು. ಅದು ನಮ್ಮ ಗುಡ್ಡ ಹತ್ತಿ ಬರುವ ಕಾಯಿಲೆ ಎಂದು ನನಗೆ ಅನ್ನಿಸಲೇ ಇಲ್ಲ.

ಅವಳಿಗೆ ಅನ್ನಿಸಿತ್ತು. ಪತ್ರಿಕೆಯಲ್ಲಿ ಬಂದದ್ದನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದಳು. ನಲ್ಲಿಯ ಹತ್ತಿರ ಸೋಪು ಇಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈ ತೊಳೆಸಿದಳು. ಒಂದು ದಿನ ನನ್ನ ಮೇಜಿನ ಎದುರು ಬಂದು ನಿಂತಳು.

"ಮೇಡಂ, ಜ್ವರ ಕೆಮ್ಮು ಇರೋ ಮಕ್ಕಳು ಸ್ವಲ್ಪ ದಿನ ಮನೇಲೇ ಇರ್ಲಿ ಅಂತ ಹೇಳಾಣ. ಆರನೇ ಕ್ಲಾಸನ್ನ ನಾನು ಜಗಲಿಲಿ ಕೂರಿಸ್ಕೊಳ್ತೀನಿ."

"ಜಗಲಿಲಿ ಎರಚಲು ಹೊಡೀತದಲ್ಲ."

"ಬೆಂಚನ್ನ ಗೋಡೆಗೆ ಒತ್ತಿ ಹಾಕ್ತೀನಿ. ಒದ್ದೆ ಆದ್ರೆ ಒಣಗ್ತದೆ ಮೇಡಂ. ಇದು ಬಂದ್ರೆ ಕಷ್ಟ."

ಆಗಸ್ಟ್ ಕೊನೆಗೆ ಇನ್‌ಸ್ಪೆಕ್ಷನ್ ಇತ್ತು. ಹಾಜರಾತಿ ಇಳಿದರೆ ಒಂದು ಟೀಚರ್ ಹುದ್ದೆ ಹೋಗುವ ಸಂಭವವಿತ್ತು, ನನ್ನದು ಕಾಯಂ ಆಗುವುದೂ ಆ ವರದಿಯ ಮೇಲೆಯೇ ನಿಂತಿತ್ತು. ಮಕ್ಕಳನ್ನು ಮನೆಗೆ ಕಳಿಸುವ ಮಾತೇ ಬೇಡ ಎಂದೆ. ಅವಳು ಗಂಡನ ಹಳೇ ಪಂಚೆ ಹರಿದು ಒಂದಿಷ್ಟು ಮಾಸ್ಕ್ ಹೊಲಿದುಕೊಂಡು ಬಂದಳು. ಒಂದು ತನಗೆ, ಉಳಿದವು ಕೆಮ್ಮುವ ಮಕ್ಕಳಿಗೆ. ಆಡಳಿತ ಕಮಿಟಿಯ ಸೆಕ್ರೆಟರಿಯವರು ಜೀಪಿನಲ್ಲಿ ಹಾದುಹೋಗುವಾಗ ಅದನ್ನು ನೋಡಿ ನನಗೆ ಫೋನು ಮಾಡಿದರು. "ಇದೇನು ಮೇಡಂ, ಸ್ಕೂಲಿಗೆ ರೋಗ ಬಂದಿದೆ ಅಂತ ಊರಿಗೆಲ್ಲ ಸಾರ್ತಾ ಇದೀರಾ?" ನಾನು ಕ್ಲಾಸಿಗೆ ಹೋಗಿ, ಮಕ್ಕಳ ಎದುರೇ, ಮಾಸ್ಕ್ ತೆಗೆದಿಡುವಂತೆ ಹೇಳಿದೆ. ಅವಳು ತೆಗೆದು, ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ನನ್ನನ್ನು ನೇರ ನೋಡಿದಳು. ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೊಂದೇ ಸಲ.

ಏಳನೇ ತಿಂಗಳು ನಡೆಯುತ್ತಿದ್ದಾಗ ರಜೆ ಅರ್ಜಿ ಬರೆದುಕೊಂಡು ಬಂದಳು. ಹೆರಿಗೆ ರಜೆಯನ್ನು ಈಗಿನಿಂದಲೇ ಕೊಡಬೇಕೆಂದು ಕೇಳಿದ್ದಳು. ಕೊಡುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅದು ಅವಳಿಗೆ ಸಲ್ಲಬೇಕಾದ್ದೇ ಆಗಿತ್ತು.

"ಬಸುರಿಯರಿಗೆ ಈ ಜ್ವರ ಬಂದ್ರೆ ಜಾಸ್ತಿ ಆಗ್ತದಂತೆ ಮೇಡಂ. ಪೇಪರಲ್ಲಿ ಬರ್ದಿದಾರೆ. ನಂಗೆ ಇದೊಂದು ಉಳೀಬೇಕು."

"ಇನ್‌ಸ್ಪೆಕ್ಷನ್ ಹೊತ್ತಿಗೆ ಸೈನ್ಸ್ ಟೀಚರೇ ಇಲ್ಲ ಅಂದ್ರೆ ನಾನೇನು ಹೇಳ್ಲಿ? ಇನ್ನು ಒಂಬತ್ತು ದಿನ. ಅದು ಮುಗಿದ ಮಾರನೇ ದಿನವೇ ಸಹಿ ಹಾಕ್ತೀನಿ. ಇಷ್ಟಕ್ಕೆಲ್ಲ ಹೆದರಿದ್ರೆ ಆಗ್ತದಾ ಮಾರಾಯ್ತಿ?"

ಅರ್ಜಿಯನ್ನು ಮೇಜಿನ ಡ್ರಾಯರಿಗೆ ಹಾಕಿದೆ. ಅದೇ ಡ್ರಾಯರಿನಿಂದ ಕರ್ಪೂರದ ಒಂದು ಗಂಟು ತೆಗೆದು ಅವಳ ಕೈಯಲ್ಲಿಟ್ಟೆ. ಅವಳಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೂ ಕೊರಳಿಗೆ ಹಾಕಿಕೊಂಡಳು. ನನ್ನ ಮನಸ್ಸಿಗೆ ನೋವಾಗಬಾರದೆಂದು ಇರಬೇಕು.

ಇನ್‌ಸ್ಪೆಕ್ಷನ್‌ಗೆ ಮೂರು ದಿನ ಇರುವಾಗ ಆರನೇ ಕ್ಲಾಸಿನ ಒಂದು ಹುಡುಗಿ ಸುಡುವ ಜ್ವರದಲ್ಲೇ ಶಾಲೆಗೆ ಬಂದಿತ್ತು. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ತೋಟದ ಕೆಲಸಕ್ಕೆ ಹೋಗುವವರು. ಲೈನಿನ ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದ್ದಕ್ಕೆ ಶಾಲೆಗೆ ಕಳಿಸಿದ್ದರು. ಮಧ್ಯಾಹ್ನ ನಾನು ಆ ಕಡೆ ಹೋದಾಗ ಟೀಚರ್ ಮಗುವನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಕಿಟಕಿ ತೆರೆದು, ಒದ್ದೆ ಕರವಸ್ತ್ರದಿಂದ ಹಣೆ ಒರೆಸುತ್ತಿದ್ದಳು. ಮಗು ಅವಳ ಹೊಟ್ಟೆಗೆ ತಲೆ ಆನಿಸಿಕೊಂಡಿತ್ತು. ಕೆಮ್ಮಿದಾಗಲೆಲ್ಲ ಅವಳು ಮುಖ ಆಚೆ ತಿರುಗಿಸುತ್ತಿದ್ದಳು. ಕೈ ಮಾತ್ರ ಮಗುವಿನ ಹಣೆಯ ಮೇಲೇ ಇತ್ತು.

ಆ ಮಗುವನ್ನು ನನ್ನ ಕೋಣೆಗೆ ಕರೆದುಕೊಂಡು ಹೋಗಬಹುದಿತ್ತು. ಟೀಚರನ್ನು ಮನೆಗೆ ಕಳಿಸಬಹುದಿತ್ತು. ನಾನು ಮಾಡಿದ್ದು ಇಷ್ಟು. ಇನ್‌ಸ್ಪೆಕ್ಷನ್‌ಗೆಂದು ಗೋಡೆಗೆ ಹೊಸದಾಗಿ ತೂಗುಹಾಕಿದ್ದ ಚಾರ್ಟುಗಳಿಗೆ ಎರಚಲು ತಾಗುತ್ತಿದೆ ಎಂದು ಆ ಒಂದು ಕಿಟಕಿಯನ್ನೂ ಮುಚ್ಚಿ, ಚಿಲಕ ಹಾಕಿ ಬಂದೆ.

ಇನ್‌ಸ್ಪೆಕ್ಷನ್ ಚೆನ್ನಾಗಿಯೇ ನಡೆಯಿತು. ಬಂದವರು ಚಾರ್ಟುಗಳನ್ನು ಹೊಗಳಿದರು. ಮೈಕ್ರೋಸ್ಕೋಪ್ ನೋಡಿ ಇಂಥ ಹಳ್ಳಿ ಶಾಲೆಯಲ್ಲಿ ಇದೊಂದು ವಿಶೇಷ ಎಂದರು. ಟೀಚರ್ ಗೋಡೆಗೆ ಒರಗಿ ನಿಂತಿದ್ದಳು. ಮುಖ ಕೆಂಪಗಿತ್ತು. ಸಂಜೆ ಬಸ್ಸಿಗೆ ಹೋಗುವ ಮುಂಚೆ, "ಸ್ವಲ್ಪ ಮೈ ಬಿಸಿ ಇದೆ ಮೇಡಂ, ನಾಳೆ ಬರಲ್ಲ" ಎಂದಳು. ಮಾರನೇ ದಿನ ರಜೆ ಅರ್ಜಿಗೆ ಸಹಿ ಹಾಕಿದೆ. ಹೇಳಿದ ಮಾತಿನಂತೆ ನಡೆದುಕೊಂಡೆ ಎಂದು ಸಮಾಧಾನವೂ ಆಯಿತು...

ಜ್ವರದ ನಾಲ್ಕನೇ ದಿನಕ್ಕೆ ಅವಳಿಗೆ ಉಸಿರು ಕಟ್ಟತೊಡಗಿತಂತೆ. ಎಸ್ಟೇಟಿನ ಜೀಪಿನಲ್ಲಿ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಐದು ದಿನ ಇದ್ದಳು. ಅಲ್ಲಿ ನಾಲ್ಕನೇ ದಿನ ಹೊಟ್ಟೆಯೊಳಗಿನ ಮಗು ಹೋಯಿತು. ಗಂಡುಮಗು. ಮಾರನೇ ದಿನ ಅವಳೂ ಹೋದಳು.

ಹೆದರಿಕೆಗೆ ಮಣ್ಣಿಗೆ ಬಂದವರು ಕೆಲವೇ ಜನ. ನಾನು ಹೋಗಿ ಅವರ ಮನೆಯ ಗೇಟಿನ ಹತ್ತಿರ ನಿಂತಿದ್ದೆ. ಒಳಗಿನಿಂದ ಅವಳ ಅತ್ತೆಯ ದನಿ ಕೇಳುತ್ತಿತ್ತು. "ಬೇಡ ಬೇಡ ಅಂದ್ರೂ ಅಣ್ಣನ ಮನೆ ಮದುವೆಗೆ ಹೋದ್ಲು. ಅಲ್ಲಿಂದ ಅಂಟಿಸ್ಕೊಂಡು ಬಂದ್ಲು. ನನ್ನ ಮೊಮ್ಮಗನ್ನ ತಿಂದ್ಲು." ಅವಳು ಹಾಸನಕ್ಕೆ ಮದುವೆಗೆ ಹೋಗಿಬಂದು ತಿಂಗಳ ಮೇಲಾಗಿತ್ತು. ಆದರೆ ನಿಂತವರೆಲ್ಲ ಹೌದು ಹೌದು ಎಂದು ತಲೆ ಆಡಿಸಿದರು. ನಾನು ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಆ ಮಾತು ಕೇಳಿ ನನ್ನ ಎದೆಯ ಮೇಲಿನ ಭಾರ ಒಂದಿಷ್ಟು ಇಳಿದಂತಾಯಿತು.

ತಿಂಗಳು ಕಳೆದ ಮೇಲೆ ಅವಳ ಗಂಡ ಶಾಲೆಗೆ ಬಂದರು. ಒದ್ದೆ ಛತ್ರಿಯನ್ನು ಬಾಗಿಲ ಹೊರಗಿಟ್ಟು, ಕುಳಿತುಕೊಳ್ಳಿ ಎಂದರೂ ನಿಂತೇ ಇದ್ದರು.

"ಮೇಡಂ, ಒಂದು ಕಾಗದ ಬರೆದುಕೊಡ್ಬೇಕು. ಅವಳ ಕ್ಲಾಸಲ್ಲಿ ಜ್ವರದ ಮಕ್ಕಳಿದ್ರು, ಅವಳು ಮೊದಲೇ ರಜೆ ಕೇಳಿದ್ಲು, ಅಷ್ಟೇ. ಬೇರೆ ಎಲ್ಲಿಗೂ ಅಲ್ಲ. ಅವ್ವಂಗೆ ತೋರಿಸ್ಬೇಕು."

ಮೇಜಿನ ಮೇಲಿದ್ದ ರಜೆ ಅರ್ಜಿಗಳ ಫೈಲನ್ನು ನಾನು ಹತ್ತಿರಕ್ಕೆ ಎಳೆದುಕೊಂಡೆ.

"ದಿನಾ ಅವಳ ಫೋಟೋ ಎದುರು ನಿಂತು ಬೈತಾರೆ ಮೇಡಂ. ನಾನು ಹೇಳಿದ್ರೆ ಹೆಂಡ್ತಿ ಪರ ಮಾತಾಡ್ತೀಯ ಅಂತಾರೆ. ನಿಮ್ಮ ಸಹಿ, ಸ್ಕೂಲಿನ ಸೀಲು ಇದ್ರೆ ನಂಬ್ತಾರೆ."

"ಜ್ವರ ಎಲ್ಲಿಂದ ಬಂತು ಅಂತ ಯಾರು ಹೇಳೋಕಾಗ್ತದೆ ಹೇಳಿ? ಬರವಣಿಗೇಲಿ ಹಾಗೆಲ್ಲ ಕೊಡೋಕೆ ಬರಲ್ಲ."

ಅವಳ ಅರ್ಜಿಯ ಮೇಲೆ ಅವಳು ಬರೆದ ತಾರೀಖೂ ಇತ್ತು, ನಾನು ಸಹಿ ಹಾಕಿದ ತಾರೀಖೂ ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಆ ಫೈಲು ನನ್ನ ಮೊಣಕೈ ಕೆಳಗೇ ಇತ್ತು. ಅವರು "ಆಯ್ತು ಮೇಡಂ" ಎಂದರು. ಛತ್ರಿ ತೆಗೆದುಕೊಂಡು ಹೋದರು. ಒಂದು ಜೋರು ಮಾತು ಆಡಲಿಲ್ಲ.

ಆ ವರ್ಷವೇ ನನ್ನ ಹುದ್ದೆ ಕಾಯಂ ಆಯಿತು. ನಿವೃತ್ತಿಯ ದಿನ ಶಾಲು ಹೊದಿಸಿದರು. ಭಾಷಣದಲ್ಲಿ ನನ್ನನ್ನು ಶಾಲೆ ಉಳಿಸಿದವರು ಎಂದರು.

ಮುಂದೆ ಕೊರೋನಾ ಬಂದು ಶಾಲೆಗಳೆಲ್ಲ ಮುಚ್ಚಿದವು. ಗರ್ಭಿಣಿಯರು ಕೆಲಸಕ್ಕೆ ಬರಬೇಕಾಗಿಲ್ಲ ಎಂದು ಒಂದು ದಿನ ಪತ್ರಿಕೆಯಲ್ಲಿತ್ತು. ಮೂಲೆಯಲ್ಲಿ ಸಣ್ಣ ಸುದ್ದಿ. ಅದನ್ನು ಎಷ್ಟು ಸಲ ಓದಿದೆನೋ... ಅವತ್ತೇ ಕುಳಿತು ಅವಳ ಗಂಡ ಕೇಳಿದ್ದ ಆ ಕಾಗದ ಬರೆದೆ. ಮಾಸ್ಕ್ ತೆಗೆಸಿದ್ದು, ಕಿಟಕಿ ಮುಚ್ಚಿದ್ದು, ಅರ್ಜಿಯನ್ನು ಹತ್ತು ದಿನ ಇಟ್ಟುಕೊಂಡದ್ದು, ಎಲ್ಲ ಬರೆದೆ. ಬಸ್ಸುಗಳು ಓಡಾಡತೊಡಗಿದ ಮೇಲೆ ವಿಚಾರಿಸಿಕೊಂಡು ಮಲ್ಲಂದೂರಿಗೆ ಹೋದೆ. ಟೀಚರ್ ಗಂಡ ಆ ಕಡೆಯ ಒಂದು ಎಸ್ಟೇಟಿನಲ್ಲಿದ್ದರು. ಮತ್ತೆ ಮದುವೆಯಾಗಿರಲಿಲ್ಲ. ನನ್ನ ಗುರುತು ಕೂಡಲೇ ಹಿಡಿದರು. ಕನ್ನಡಕ ಹಾಕಿಕೊಂಡು ನಿಂತಲ್ಲೇ ಕಾಗದವನ್ನು ಪೂರ್ತಿ ಓದಿದರು. ಮಡಚಿ ನನ್ನ ಕೈಗೇ ಕೊಟ್ಟರು.

"ಅವ್ವ ತೀರಿಹೋಗಿ ಆರು ವರ್ಷ ಆಯ್ತು ಮೇಡಂ. ಸಾಯೋ ತನಕ ಹಾಗೇ ಅಂದ್ಕೊಂಡಿದ್ರು. ಇದನ್ನ ಈಗ ನಾನು ಯಾರಿಗೆ ತೋರಿಸ್ಲಿ?"

ಕ್ಷಮೆ ಕೇಳಬೇಕೆಂದು ಹೋದವಳು ಕಾಗದವನ್ನು ಬ್ಯಾಗಿಗೆ ಹಾಕಿಕೊಂಡೆ. ಅವರು ಕಾಫಿ ಮಾಡಿ ಕೊಟ್ಟರು. ಬಸ್ ಸ್ಟಾಪಿನವರೆಗೂ ಜೊತೆಯಲ್ಲಿ ಬಂದರು. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗ ಕೇಳಿದರು:

"ಅವತ್ತೇ ಕೇಳ್ಬೇಕಿತ್ತು, ಕಾಗದದ ಮಾತಲ್ಲಿ ಮರೆತುಬಿಟ್ಟೆ. ಆರನೇ ಕ್ಲಾಸಿನ ಆ ಹುಡುಗಿಗೆ ಜ್ವರ ಬಿಡ್ತಾ ಮೇಡಂ? ಆಸ್ಪತ್ರೇಲಿ ಮಾತು ನಿಲ್ಲೋ ತನಕ ಇವಳು ಅದನ್ನೇ ಕೇಳ್ತಿದ್ಲು."

"ಬಿಡ್ತು. ನಾಲ್ಕೈದು ದಿನಕ್ಕೆಲ್ಲ ಸ್ಕೂಲಿಗೆ ಬಂದ್ಲು" ಎಂದೆ.

ಅವರು ತಲೆಯಾಡಿಸಿದರು. "ಹಂಗಾದ್ರೆ ಸರಿ" ಎಂದರು.

ಬಸ್ಸಿನಲ್ಲಿ ಕುಳಿತು ದಿನಗಳನ್ನು ಲೆಕ್ಕ ಹಾಕಿದೆ. ಇವತ್ತಿಗೂ ಹಾಕುತ್ತಿರುತ್ತೇನೆ, ಪ್ರತಿ ಸಲವೂ ಅಷ್ಟೇ ಬರುತ್ತದೆ. ಹುಡುಗಿ ಶಾಲೆಗೆ ವಾಪಸು ಬಂದ ದಿನ ಟೀಚರನ್ನು ಇನ್ನೂ ಮಂಗಳೂರಿಗೆ ಕರೆದುಕೊಂಡು ಹೋಗಿರಲಿಲ್ಲ. ಮನೆಯಲ್ಲೇ ಮಲಗಿದ್ದಳು, ಎಚ್ಚರವಿತ್ತು, ಮಾತಾಡುತ್ತಿದ್ದಳು. ನನ್ನ ಮೇಜಿನ ಮೇಲೆ ಫೋನು ಇತ್ತು. ಆ ಮಗು ಹಾಜರಿ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಹಾಜರಾತಿಗೆ ಒಬ್ಬರು ಜಾಸ್ತಿಯಾದರು ಎಂದು ಖುಷಿಪಟ್ಟೆ. ಟೀಚರಿಗೆ ಫೋನು ಮಾಡಿ ಹೇಳಬೇಕೆಂದು ತೋಚಲಿಲ್ಲ.