ನಾನೇನು ಗೋಡೆಯೇ?

ನನ್ನ ಸೋದರತ್ತೆ ಊರಿಗೆಲ್ಲ ಲಾಳದಮ್ಮ. ಕುದುರೆಗೆ ಲಾಳ ಹೊಡೆಯುತ್ತಿದ್ದ ಗಂಡ ಸತ್ತ ಹದಿನೈದು ದಿನಕ್ಕೆ ಅವನ ಚರ್ಮದ ಏಪ್ರನ್ ತಂದು, ತನ್ನ ಅಳತೆಗೆ ಕತ್ತರಿಸಿ ಕೊಡು ಎಂದು ನನ್ನ ಅಮ್ಮನ ಹೊಲಿಗೆ ಮಿಷನ್ನಿನ ಮುಂದೆ ಇಟ್ಟಳಂತೆ. ಅಮ್ಮ ಅಳುತ್ತ ಕತ್ತರಿಸಿದಳು, ಅತ್ತೆ ಅಳದೆ ಕಟ್ಟಿಕೊಂಡಳು. ಅವತ್ತು ಅವಳು ಹೊತ್ತಿಸಿದ ಕುಲುಮೆ ಮೂವತ್ತು ವರ್ಷ ಉರಿದಿದೆ. ಆ ಮಿಷನ್ನು ಈಗ ನನ್ನದು. ನನ್ನ ಹೊಲಿಗೆ ಅಂಗಡಿಗೂ ಅವಳ ಲಾಳದ ಅಂಗಡಿಗೂ ನಡುವೆ ಒಂದೇ ಗೋಡೆ. ಅವಳು ಸುತ್ತಿಗೆ ಎತ್ತಿದರೆ ನನ್ನ ಗುಂಡಿಯ ಡಬ್ಬಗಳು ಕುಣಿಯುತ್ತವೆ.

ಅತ್ತೆಯ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಲಾಳ ಹೊಡೆಯಲು ಒಂದು ಕಾಲು ಎತ್ತಿ ಹಿಡಿದಾಗ ಕುದುರೆ ಉಳಿದ ಮೂರು ಕಾಲಿನ ಮೇಲೆ ತಾನೇ ನಿಲ್ಲಬೇಕು. ಸೋಮಾರಿ ಕುದುರೆಗಳು ಹಾಗೆ ಮಾಡುವುದಿಲ್ಲ. ಕೆಳಗೆ ಬಗ್ಗಿ ಕೂತವರ ಬೆನ್ನು ಸಿಕ್ಕಿತೆಂದು ಅರ್ಧ ಮೈಭಾರ ಅದರ ಮೇಲೆ ಹೇರಿಬಿಡುತ್ತವೆ. ಅಂಥ ಕುದುರೆ ಬಂತೋ, ಮಾಲೀಕನಿಗೆ ಗ್ರಹಚಾರ ಬಿಡಿಸುತ್ತಿದ್ದಳು. "ಒರಗೋಕೆ ನಾನೇನು ಗೋಡೇನಾ? ಮನೇಲಿ ಕಾಲು ಕೊಡೋದು ಕಲಿಸಿ, ಆಮೇಲೆ ಕರ್ಕೊಂಡು ಬನ್ನಿ." ಆರಡಿ ಆಳುಗಳೂ ತಲೆ ತಗ್ಗಿಸಿ ಕುದುರೆ ಹಿಡಿದುಕೊಂಡು ವಾಪಸ್ಸು ಹೋದದ್ದನ್ನು ನಾನು ಕಂಡಿದ್ದೇನೆ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅತ್ತೆಯ ಬದನೆಕಾಯಿಯ ಹೆಸರು ಚಿಟಿಕೆ.

ಚಿಟಿಕೆ ಹಿತ್ತಿಲಲ್ಲಿ ಹುಟ್ಟಿದ ಹೆಣ್ಣು ತಟ್ಟು, ಗಿಡ್ಡ ಜಾತಿಯ ಕುದುರೆ. ಅತ್ತೆಯ ಇದ್ದಿಲ ಗಾಡಿ ಎಳೆಯುತ್ತಿದ್ದ ಮುದಿ ಕುದುರೆ ಅದನ್ನು ಈದು ಒಂದು ತಿಂಗಳಿಗೆ ಸತ್ತಿತು. ಅತ್ತೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದ ನಮ್ಮತ್ತೆಗೆ ಈ ಕಂದು ಮರಿ ಮುದ್ದು. ಅದರ ಗೊರಸು ಉಜ್ಜಲು ಕಾಲೆತ್ತಿದರೆ ಅದು ಅವಳ ಬೆನ್ನಿಗೆ ಒರಗಿ ಕಣ್ಣು ಮುಚ್ಚುತ್ತಿತ್ತು. ಅವಳು ಅರ ಹಿಡಿದುಕೊಂಡು, ಕೆಲಸ ಮುಗಿದ ಮೇಲೂ, ಹಾಗೇ ಬಗ್ಗಿ ನಿಂತಿರುತ್ತಿದ್ದಳು.

"ಅತ್ತೆ, ಇದು ಒರಗ್ತಾ ಇದೆ," ಎಂದು ನಾನು ಕಿಟಕಿಯಿಂದ ಚುಚ್ಚುತ್ತಿದ್ದೆ.

"ಎಳೇದು ಕಣೇ. ಒರಗಲಿ ಬಿಡು."

ಎಳೆಯದು ಮೂರು ವರ್ಷದ್ದಾಯಿತು. ಹಿತ್ತಿಲು ಉದ್ದಕ್ಕೆ ಹನ್ನೆರಡು ಹೆಜ್ಜೆ, ಅಗಲಕ್ಕೆ ಏಳು. ಕೆಲಸವಿಲ್ಲದ ಚಿಟಿಕೆ ಬಾಗಿಲಿನ ಅಂಚು ಕಡಿಯಿತು, ನೀರಿನ ತೊಟ್ಟಿ ಒದ್ದು ಉರುಳಿಸಿತು, ಒಣಗಲು ಹಾಕಿದ್ದ ನನ್ನ ಗಿರಾಕಿಯ ಲಂಗದ ಅರ್ಧ ಅಂಚನ್ನು ಅಗಿಯಿತು. ಅತ್ತೆಯ ಬಲಗೈ ಮಣಿಕಟ್ಟು ಅಷ್ಟರಲ್ಲಿ ಸೋತಿತ್ತು. ದೊಡ್ಡ ಕುದುರೆಗಳನ್ನು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಒಂದು ಬೆಳಿಗ್ಗೆ ಬೀದಿಯಲ್ಲಿ ಓಡಾಡಿಸಲು ಕರೆದುಕೊಂಡು ಹೋದಾಗ ಯಾರದೋ ಟಾರ್ಪಾಲು ಪಟಪಟ ಎಂದಿತು. ಚಿಟಿಕೆ ಬೆಚ್ಚಿ ಓಡಿತು. ಹಗ್ಗ ಬಿಡದ ಅತ್ತೆ ಹತ್ತು ಮಾರು ಎಳೆದಾಡಿಸಿಕೊಂಡು ಮಂಡಿ ತರಚಿಕೊಂಡು ಬಂದಳು. ಹಗ್ಗ ಯಾಕೆ ಬಿಡಲಿಲ್ಲ ಎಂದು ಕೇಳಿದರೆ, "ಬಿಟ್ಟಿದ್ರೆ ಅದಕ್ಕೇನಾದ್ರೂ ಆಗಿದ್ರೆ?" ಎಂದು ನನ್ನನ್ನೇ ಗದರಿದಳು.

ಆ ವಾರವೇ ಸಸಿತೋಟದ ಯಜಮಾನಿ ಬಂದಳು. ಊರಾಚೆ ಹೂವಿನ ಸಸಿ, ಹಣ್ಣಿನ ಸಸಿ ಬೆಳೆಸಿ ಮಾರುವವಳು. ಪಾತಿಗಳ ನಡುವೆ ಲಾರಿ ನುಗ್ಗುವುದಿಲ್ಲ, ಕೈಗಾಡಿ ತಳ್ಳಿ ಅವಳ ಹೆಗಲು ಬಿದ್ದುಹೋಗಿತ್ತು. ಸಣ್ಣ ಗಾಡಿಗೆ ಸಣ್ಣ ಕುದುರೆ ಬೇಕಾಗಿತ್ತು.

"ಮಾರ್ತೀರಾಮ್ಮ? ತೋಟದ ಹಿಂದೆ ಎರಡೆಕರೆ ಹುಲ್ಲಿದೆ. ಚೆನ್ನಾಗಿ ನೋಡ್ಕೋತೀನಿ."

ಅತ್ತೆ ಮೂರು ದಿನ ಸಮಯ ಕೇಳಿದಳು. ಊಟಕ್ಕೆ ಕೂತರೆ ತಟ್ಟೆ ನೋಡುವಳು, ಎದ್ದರೆ ಹಿತ್ತಿಲು ನೋಡುವಳು. ಚಿಟಿಕೆಯನ್ನು ಇಟ್ಟುಕೊಂಡರೆ ಅದರ ಬಾಳು ಹನ್ನೆರಡು ಹೆಜ್ಜೆ. ಕೊಟ್ಟರೆ ಮನೆ ಖಾಲಿ. ಅವಳ ಸಂಕಟ ನನಗೆ ನೋಡಲಾಗಲಿಲ್ಲ. ಆಗ ನಾನು ಜಾಣತನ ಮಾಡಿದೆ. ಮುಂದೆ ಆದದ್ದಕ್ಕೆಲ್ಲ ಬೈಯಬೇಕಾದರೆ ಮೊದಲು ನನ್ನನ್ನು ಬೈಯಬೇಕು.

"ಮಾರಬೇಡ ಅತ್ತೆ. ಆರು ತಿಂಗಳಿಗೆ ಎರವಲು ಕೊಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರೆ. ನಾನು ಒಂದು ಇಕ್ಕಳಾನೂ ಯಾರಿಗೂ ಎರವಲು ಕೊಟ್ಟೋಳಲ್ಲ," ಎಂದಳು. ಆದರೆ ಮುಖ ಅರಳಿತ್ತು.

ಚಿಟಿಕೆಗೆ ಮೊದಲ ಲಾಳ ಅತ್ತೆಯೇ ಹೊಡೆದಳು. ತೋಟದ ದಾರಿಯೆಲ್ಲ ಜಲ್ಲಿ, ಬರಿಗೊರಸು ತಡೆಯುವುದಿಲ್ಲ. ನಾಲ್ಕು ಪುಟ್ಟ ಲಾಳಗಳು ವರ್ಷದಿಂದ ಸಿದ್ಧವಾಗಿ ಮೊಳೆಗೆ ನೇತಾಡುತ್ತಿದ್ದವು. ಅವತ್ತೂ ಅದು ಪೂರ್ತಿ ಅವಳ ಬೆನ್ನ ಮೇಲೆಯೇ ನಿಂತಿತ್ತು. ಬೆವರಿಳಿಸಿಕೊಂಡು ಎದ್ದ ಅತ್ತೆ, ಸಸಿತೋಟದಾಕೆಗೆ ಮೇವು, ನೀರು, ತಿಕ್ಕುವ ಬ್ರಷ್ಷು ಎಲ್ಲದರ ಬಗ್ಗೆ ಒಂದು ಗಂಟೆ ಪಾಠ ಮಾಡಿದಳು. ಒರಗುವ ವಿಷಯ ಮಾತ್ರ ಹೇಳಲಿಲ್ಲ.

ಎರವಲು ಕೊಟ್ಟವಳು ಸುಮ್ಮನಿದ್ದಳೇ? ಸಂಜೆ ನಾಲ್ಕಾದರೆ ಕುಲುಮೆಗೆ ಬೂದಿ ಮುಚ್ಚಿ ಹೊರಟುಬಿಡುವಳು. ಕೇಳಿದರೆ, "ಹಾಗೇ ಒಂದ್ಸುತ್ತು ನಡೆದು ಬರ್ತೀನಿ." ಆ ಒಂದು ಸುತ್ತು ದಿನವೂ ಸಸಿತೋಟದ ಬೇಲಿಗೇ ಹೋಗಿ ಮುಗಿಯುತ್ತಿತ್ತು. ಪಟ್ಟಿ ಬಿಗಿಯಾಯಿತು ಎಂದು ಸಡಿಲ ಮಾಡುವಳು, ಗಾಡಿ ಭಾರವಾಯಿತು ಎಂದು ಎರಡು ಕುಂಡ ಇಳಿಸುವಳು. ಅವಳು ಹೊರಟ ಮೇಲೆ ಚಿಟಿಕೆ ಕತ್ತಲಾಗುವವರೆಗೂ ಬೇಲಿ ಬಿಟ್ಟು ಕದಲುತ್ತಿರಲಿಲ್ಲ. ಹಿಂದೆ ಎರಡೆಕರೆ ಹುಲ್ಲು ಹಾಗೇ ಇತ್ತು.

ನಾಲ್ಕನೆಯ ವಾರ ಒಂದು ದಿನ ಅತ್ತೆಯ ಜೊತೆ ನಾನೂ ಹೋಗಿದ್ದೆ. ದೂರದಲ್ಲಿ ನಮ್ಮನ್ನು ಕಂಡದ್ದೇ ತಡ, ಚಿಟಿಕೆ ಗಾಡಿಸಮೇತ ಪಾತಿಗಳ ಮೇಲೇ ಓಡಿ ಬಂತು. ಚಕ್ರ ಕಲ್ಲಿಗೆ ಬಡಿದು ಗಾಡಿ ಮಗುಚಿತು. ಸಸಿಗಳೆಲ್ಲ ಮಣ್ಣುಪಾಲು. ಚಿಟಿಕೆ ಮುಗ್ಗರಿಸಿ ಬಿದ್ದು, ಎದ್ದು, ಮುಂಗಾಲಿನ ಮಂಡಿಯಿಂದ ರಕ್ತ ಸುರಿಸಿಕೊಂಡೇ ಬೇಲಿಗೆ ಬಂದು ಅತ್ತೆಯ ಹೆಗಲಿಗೆ ಮೂತಿ ಇಟ್ಟಿತು.

ಗಾಯ ತೊಳೆದು ಬಟ್ಟೆ ಕಟ್ಟಿದ್ದಾಯಿತು. ಸಸಿತೋಟದಾಕೆ ಬಿದ್ದ ಸಸಿಗಳ ಮಾತನ್ನೇ ಎತ್ತಲಿಲ್ಲ. ಕೈಯ ಮಣ್ಣು ಒರೆಸಿಕೊಂಡು ಮೆಲ್ಲಗೆ ಹೇಳಿದಳು:

"ಅಮ್ಮ, ಬೇಜಾರು ಮಾಡ್ಕೋಬೇಡಿ. ನಾನು ಇವಳನ್ನ ಗದರೋ ಹಾಗಿಲ್ಲ, ತಿದ್ದೋ ಹಾಗಿಲ್ಲ. ನಿಮ್ಮ ಕುದುರೆ ಅಂತ ಕೈ ಹಿಂದಕ್ಕೆ ಬರುತ್ತೆ. ಇವಳು ನಿಮ್ಮನೇಲೂ ಇಲ್ಲ, ನಮ್ಮನೇಲೂ ಇಲ್ಲ. ಬೇಲೀಲಿ ನಿಂತಿದ್ದಾಳೆ. ಒಂದೋ ಕರ್ಕೊಂಡು ಹೋಗಿ, ಇಲ್ಲ ಬಿಟ್ಟುಕೊಡಿ."

ನನಗೆ ಸಿಟ್ಟು ಬಂತು. ನಮ್ಮತ್ತೆಗೆ ಎದುರು ನಿಂತು ಹೀಗೆ ಹೇಳಲು ಇವಳು ಯಾರು ಎಂದು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹಿಡಿದಳು. ಆ ಹೆಂಗಸು ಹೇಳಿದ್ದು ಸತ್ಯ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಿಟ್ಟು ಅದಕ್ಕೇ ಬಂದದ್ದು.

ದಾರಿಯುದ್ದಕ್ಕೂ ಅತ್ತೆ ಒಂದೇ ಮಾತಾಡಿದಳು. "ಅವತ್ತು ಬೀದೀಲಿ ಹಗ್ಗ ಬಿಡಲಿಲ್ಲ ನಾನು. ಇವತ್ತೂ ಬಿಟ್ಟಿಲ್ಲ. ಅವತ್ತು ನನ್ನ ಮಂಡಿ ಹೋಯ್ತು, ಇವತ್ತು ಅದರದ್ದು."

ಮಾರನೆಯ ಬೆಳಿಗ್ಗೆ ಮಾರಿದಳು. ಬೆಲೆಯ ಮಾತು ಎರಡು ನಿಮಿಷಕ್ಕೆ ಮುಗಿಯಿತು. ಆಮೇಲೆ ಅತ್ತೆ ಚಿಟಿಕೆಯ ಮುಂಗಾಲನ್ನು ಎತ್ತಿ ಸಸಿತೋಟದಾಕೆಯ ಕೈಗೆ ಕೊಟ್ಟು, ಮೂರು ವರ್ಷ ಮುಚ್ಚಿಟ್ಟ ಗುಟ್ಟನ್ನು ಹೇಳಿದಳು.

"ಇವಳು ಒರಗ್ತಾಳೆ. ಕೆಟ್ಟ ಅಭ್ಯಾಸ, ಮಾಡಿಸಿದ್ದು ನಾನೇ. ಹೀಗೇ ಬಿಟ್ರೆ ಮುಂದೆ ಯಾರೂ ಇವಳಿಗೆ ಲಾಳ ಹೊಡೆಯಲ್ಲ. ಲಾಳ ಇಲ್ಲದಿದ್ರೆ ಗೊರಸು ಸೀಳಿ ಕುಂಟಿ ಆಗ್ತಾಳೆ. ದಿನಾ ಬೆಳಿಗ್ಗೆ ನಾಲ್ಕೂ ಕಾಲು ಎತ್ತಿ. ಒರಗಿದ ತಕ್ಷಣ ಪಕ್ಕಕ್ಕೆ ಸರಿದುಬಿಡಿ."

"ಬಿದ್ದುಬಿಟ್ರೆ?"

"ಬೀಳಲ್ಲ. ಅವಳಿಗೆ ನಾಲ್ಕು ಕಾಲಿದೆ." ಚಿಟಿಕೆಯ ಕೊರಳು ಸವರುತ್ತ ಸೇರಿಸಿದಳು, "ನನ್ನ ಕೈಲಿ ಸರಿಯೋಕೆ ಆಗಲಿಲ್ಲ. ನೀವು ಸರಿದುಬಿಡಿ."

ಆಮೇಲೆ ಅವಳು ಆ ಕಡೆ ತಲೆ ಹಾಕಲಿಲ್ಲ. ನಾಲ್ಕು ಗಂಟೆಯಾದರೆ ಏನಾದರೂ ಕೆಲಸ ಹುಡುಕುವಳು. ಗೋಡೆಯ ಲಾಳಗಳನ್ನು ಇಳಿಸಿ ಒರೆಸಿದಳು, ಹಿತ್ತಿಲು ಗುಡಿಸಿದಳು, ಚಿಟಿಕೆ ಕಡಿದ ಬಾಗಿಲಂಚಿಗೆ ತಗಡು ಬಡಿಯುತ್ತೇನೆಂದು ಸುತ್ತಿಗೆ ತಂದು, ಹಲ್ಲಿನ ಗುರುತಿನ ಮೇಲೆ ಕೈಯಾಡಿಸಿ ವಾಪಸ್ಸು ಹೋದಳು. ನಾನು ಗೋಡೆಯಾಚೆ ಕೂತು ಬಟನ್ ಹಚ್ಚುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಅಷ್ಟು ದಿನ ಬೈದ ಆ ತಟ್ಟಿನ ಕಾಲು ಸಪ್ಪಳಕ್ಕೆ ನನ್ನ ಕಿವಿಯೂ ಕಾಯುತ್ತಿತ್ತು.

ಲಾಳ ಬಿಚ್ಚಿ ಗೊರಸು ಸವರಿ ಮತ್ತೆ ಹೊಡೆಯುವ ಹೊತ್ತಿಗೆ, ಅಂದರೆ ಮೊದಲ ಲಾಳಕ್ಕೆ ಆರು ವಾರ ತುಂಬಿ, ಮಾರಿದ್ದಕ್ಕೆ ಎರಡು ವಾರವಾದಾಗ, ಸಸಿತೋಟದಾಕೆ ಚಿಟಿಕೆಯನ್ನು ಹಿಡಿದುಕೊಂಡು ಅಂಗಡಿಗೆ ಬಂದಳು, ಎಲ್ಲ ಗಿರಾಕಿಗಳ ಹಾಗೆ. ಚಿಟಿಕೆಯ ಮೈ ಗಟ್ಟಿಯಾಗಿತ್ತು, ಮಂಡಿಯ ಗಾಯ ಮಾಗಿ ಹೊಸ ಕೂದಲು ಬಂದಿತ್ತು. ಅತ್ತೆಯನ್ನು ಕಂಡು ಮೂತಿಯಿಂದ ಅವಳ ಜೇಬು ತಡಕಿತು, ಅಷ್ಟೇ. ಅತ್ತೆ ಏಪ್ರನ್ ಬಿಗಿದುಕೊಂಡು ಬಗ್ಗಿ, ಮುಂದಿನ ಎಡಗಾಲು ಎತ್ತಿ ಮೊಣಕಾಲುಗಳ ನಡುವೆ ಹಿಡಿದಳು. ಹಿಡಿದು, ಬರುವ ಭಾರಕ್ಕೆ ಪಾದ ಊರಿ ಬೆನ್ನು ಗಟ್ಟಿ ಮಾಡಿಕೊಂಡಳು.

ಭಾರ ಬರಲಿಲ್ಲ. ಚಿಟಿಕೆ ಮೂರು ಕಾಲಿನ ಮೇಲೆ ತಾನೇ ನಿಂತಿತ್ತು, ಕಿವಿ ಆಡಿಸುತ್ತ, ಬೀದಿ ನೋಡುತ್ತ.

ಅತ್ತೆ ಬಗ್ಗಿದವಳು ಬಗ್ಗಿದಂತೆಯೇ ಇದ್ದಳು.

"ಏನಮ್ಮ, ಏನಾದ್ರೂ ತಪ್ಪಾಗಿದ್ಯಾ?" ಎಂದು ಸಸಿತೋಟದಾಕೆ ಗಾಬರಿಯಾದಳು.

"ಇಲ್ಲ. ಚೆನ್ನಾಗಿ ಕಲಿಸಿದ್ದೀರಿ," ಎಂದು ಅತ್ತೆ ಅರ ಕೈಗೆತ್ತಿಕೊಂಡಳು. ನಾಲ್ಕು ಲಾಳವನ್ನೂ ಹೊಡೆದು ಮುಗಿಸುವವರೆಗೆ ತಲೆ ಎತ್ತಲಿಲ್ಲ.

ಅವರು ಹೋದ ಮೇಲೆ ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ನಾನು ಟೇಪು ಕೊರಳಲ್ಲಿ ಹಾಕಿಕೊಂಡೇ ಹೋಗಿ ಪಕ್ಕದಲ್ಲಿ ಕೂತೆ. ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಅವಳ ಬೆನ್ನಿಗೆ ಒರಗಿದೆ.

"ಏಳೇ, ನಾನೇನು ಗೋಡೇನಾ?" ಎಂದಳು.

ಆದರೆ ಸರಿಯಲಿಲ್ಲ.